ಸಾಮಾನು ಬಂತು, ವಿಳಾಸ ಬರಲಿಲ್ಲ

ಮನೆ ಬದಲಾಯಿಸುವವರಿಗೆಂದು ಬರೆದ ಪಟ್ಟಿಗಳನ್ನೆಲ್ಲ ಪ್ರಿಂಟ್ ತೆಗೆದರೆ, ಅವನ್ನು ಸಾಗಿಸಲಿಕ್ಕೇ ಇನ್ನೊಂದು ಲಾರಿ ಬೇಕಾಗುತ್ತದೆ. ಎಂಟು ವಾರ ಮುಂಚೆ ಏನು ಮಾಡಬೇಕು, ನಾಲ್ಕು ವಾರ ಮುಂಚೆ ಏನು, ಹಿಂದಿನ ರಾತ್ರಿ ಏನು. ಪುಸ್ತಕ ಚಿಕ್ಕ ಬಾಕ್ಸಿಗೆ, ದಿಂಬು ದೊಡ್ಡ ಬಾಕ್ಸಿಗೆ. ತಟ್ಟೆಗಳನ್ನು ಮಲಗಿಸಬೇಡಿ, ನಿಲ್ಲಿಸಿ. ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ, ನೀರು ಒರೆಸಿ. ವಾಷಿಂಗ್ ಮಷೀನಿನ ಡ್ರಮ್ ಅಲುಗಾಡದಂತೆ ಅದರ ಜೊತೆ ಬಂದಿದ್ದ ಬೋಲ್ಟುಗಳನ್ನು ಮತ್ತೆ ಹಾಕಿ. (ಆ ಬೋಲ್ಟುಗಳನ್ನು ಇಡೀ ಜಗತ್ತು ಮಷೀನು ಬಂದ ವಾರವೇ ಕಳೆದುಕೊಂಡಿರುತ್ತದೆ. ಪಟ್ಟಿ ಬರೆದವರೂ ಸೇರಿ.) ಮೊದಲು ಬೇಕಾಗುವ ಬಾಕ್ಸನ್ನು ಲಾರಿಗೆ ಕೊನೆಯಲ್ಲಿ ಏರಿಸಿ.

ಎಲ್ಲ ಸರಿಯಾದ ಮಾತೇ. ಇಷ್ಟೆಲ್ಲ ಹೇಳಿ ಸುಸ್ತಾದ ಮೇಲೆ, ಪುಟದ ತಳದಲ್ಲಿ ಒಂದು ಸಾಲು ಇರುತ್ತದೆ: ವಿಳಾಸ ಬದಲಾಯಿಸಿಕೊಳ್ಳಿ.

ಅಷ್ಟೇ. ಗಾಜಿನ ಲೋಟಕ್ಕೆ ಒಂದು ಪ್ಯಾರಾ, ವಿಳಾಸಕ್ಕೆ ಎರಡು ಪದ. ಲೋಟ ಒಡೆದರೆ ಇನ್ನೊಂದು ತರಬಹುದು. ವಿಳಾಸ ಬದಲಾಯಿಸಲು ಹೊರಟವರು ಏನಾದರು ಅಂತ ಯಾವ ಪಟ್ಟಿಯೂ ಹೇಳುವುದಿಲ್ಲ.

ಮೊದಲು ಬ್ಯಾಂಕಿಗೆ ಹೋಗುತ್ತೀರಿ. ಹೊಸ ವಿಳಾಸಕ್ಕೆ ಪುರಾವೆ ಕೊಡಿ ಅನ್ನುತ್ತಾರೆ. ಕರೆಂಟ್ ಬಿಲ್ ಆದರೆ ಸಾಕಂತೆ. ಕರೆಂಟಿನ ಆಫೀಸಿಗೆ ಹೋದರೆ, ನಿಮ್ಮ ಹೆಸರಿಗೆ ಬಿಲ್ ಬರಬೇಕಾದರೆ ಹೊಸ ವಿಳಾಸ ಇರುವ ಗುರುತಿನ ಚೀಟಿ ಬೇಕು. ಗುರುತಿನ ಚೀಟಿಯ ಕೌಂಟರಿನಲ್ಲಿ ಕೂತವರು ತುಂಬ ಒಳ್ಳೆಯವರು, ನಗುತ್ತಲೇ ಹೇಳುತ್ತಾರೆ: "ಏನೂ ಕಷ್ಟ ಇಲ್ಲ, ಹೊಸ ವಿಳಾಸ ಇರೋ ಬ್ಯಾಂಕ್ ಕಾಗದ ತಂದ್ಬಿಡಿ."

"ಬ್ಯಾಂಕಿನವರು ಕರೆಂಟ್ ಬಿಲ್ ಕೇಳ್ತಿದ್ದಾರಲ್ಲ?"

"ಹಾಗಾದ್ರೆ ಅದನ್ನೇ ತನ್ನಿ, ನಡೆಯುತ್ತೆ."

ಬಿಲ್ ಮೂರು ತಿಂಗಳಿಗಿಂತ ಹಳೆಯದಾಗಿರಬಾರದು ಅಂತ ಬೇರೆ ಒಂದು ನಿಯಮ. ಹಳೆಯದಾಗುವ ಮಾತು ಆಮೇಲೆ, ಅದು ಮೊದಲು ಹುಟ್ಟಬೇಕಲ್ಲ! ಮೊದಲ ಬಿಲ್ ಬರುವವರೆಗೆ ಸರ್ಕಾರದ ಲೆಕ್ಕದಲ್ಲಿ ನೀವು ಹಳೆ ಮನೆಯಲ್ಲೂ ಇಲ್ಲ, ಹೊಸ ಮನೆಯಲ್ಲೂ ಇಲ್ಲ. ತೆರಿಗೆ ಕಟ್ಟುವ ವಿಷಯದಲ್ಲಿ ಮಾತ್ರ ಎಲ್ಲಿದ್ದರೂ ಇದ್ದೀರಿ.

ಹೇಗೋ ಈ ಗಂಟು ಬಿಡಿಸಿದಿರಿ ಅಂತಿಟ್ಟುಕೊಳ್ಳಿ. ಆಗ ಬರುತ್ತದೆ ಖಚಿತಪಡಿಸುವ ಪತ್ರ. 'ನಿಮ್ಮ ವಿಳಾಸ ಬದಲಾಯಿಸಲು ಕೋರಿಕೆ ಬಂದಿದೆ, ಇದು ನೀವೇ ಮಾಡಿದ್ದಾ?' ಅಂತ ಕೇಳುವ ಪತ್ರ. ನಿಮ್ಮ ಸುರಕ್ಷತೆಗಾಗಿ ಅದನ್ನು ಹಳೆ ವಿಳಾಸಕ್ಕೆ ಕಳಿಸಿರುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ ಇದಕ್ಕೆ ಕಾರಣ ಇದೆ. ಯಾರೋ ಕಳ್ಳ ನಿಮ್ಮ ಹೆಸರಿನಲ್ಲಿ ಸದ್ದಿಲ್ಲದೆ ವಿಳಾಸ ಬದಲಾಯಿಸಿ, ನಿಮ್ಮ ಕಾರ್ಡನ್ನು ತನ್ನ ಮನೆಗೆ ತರಿಸಿಕೊಳ್ಳಬಾರದಲ್ಲ. ಒಪ್ಪೋಣ. ಆದರೆ ನಿಯಮ ಮಾಡಿದವರು ಕಳ್ಳನ ಬಗ್ಗೆ ಎಷ್ಟು ಆಳವಾಗಿ ಯೋಚಿಸಿದರೆಂದರೆ, ನಿಜವಾಗಿ ಮನೆ ಬದಲಾಯಿಸುವ ಮನುಷ್ಯನೂ ಒಬ್ಬ ಇರಬಹುದು ಅನ್ನುವುದನ್ನೇ ಮರೆತರು. ನನ್ನ ಅನುಮಾನ, ಕಳ್ಳನಿಗೆ ಇಷ್ಟು ತೊಂದರೆ ಆಗುವುದಿಲ್ಲ. ಅವನ ಕಾಗದಪತ್ರ ಎಲ್ಲ ಸರಿಯಾಗಿರುತ್ತದೆ.

ಒಳಗೆ ಬಂದಿದ್ದಕ್ಕೆ ಇಷ್ಟು ಪುರಾವೆ ಕೇಳುವ ಜಗತ್ತು ಹೊರಗೆ ಹೋಗುವಾಗ ಏನೂ ಕೇಳುವುದಿಲ್ಲ. ಕರಾರು ಮುಗಿದ ದಿನ ಹೊರಡಿ, ಅಷ್ಟೇ. ಆ ದಿನವೂ ಎಲ್ಲರಿಗೂ ಒಂದೇ. ತಿಂಗಳ ಕೊನೆಗೆ ಹಳೆ ಮನೆ ಬಿಡಬೇಕು, ಒಂದನೇ ತಾರೀಖಿಗೆ ಹೊಸ ಮನೆಯ ಬೀಗ ಸಿಗುತ್ತದೆ. ನಡುವಿನ ರಾತ್ರಿ ಸಾಮಾನು ಎಲ್ಲಿರಬೇಕು ಅಂತ ಕರಾರು ಬರೆದವರಿಗೆ ಹೊಳೆದಿಲ್ಲ. ಲಾರಿಯವರಿಗೆ ಹೊಳೆದಿದೆ, ಅದಕ್ಕೇ ಆ ಎರಡು ದಿನ ದರ ಜಾಸ್ತಿ.

ಇದು ಇವತ್ತಿನ ಹುಚ್ಚೇನೂ ಅಲ್ಲ. ನ್ಯೂಯಾರ್ಕ್ ನಗರದಲ್ಲಿ 19ನೇ ಶತಮಾನದುದ್ದಕ್ಕೂ ಬಾಡಿಗೆ ಕರಾರುಗಳು ಮೇ 1ರ ಬೆಳಿಗ್ಗೆ 9 ಗಂಟೆಗೆ ಒಟ್ಟಿಗೇ ಮುಗಿಯುತ್ತಿದ್ದವು. ಊರಿಗೆ ಊರೇ ಗಾಡಿಯ ಮೇಲೆ ಮಂಚ ಹೇರಿಕೊಂಡು ಬೀದಿಗೆ ಬರುತ್ತಿತ್ತು. ನೀವು ಹೋಗಬೇಕಾದ ಮನೆಯವರು ಇನ್ನೂ ಹೊರಟಿಲ್ಲ, ಏಕೆಂದರೆ ಅವರು ಹೋಗಬೇಕಾದ ಮನೆಯವರು ಹೊರಟಿಲ್ಲ. ಕೆನಡಾದ ಕ್ವಿಬೆಕ್‌ನಲ್ಲೂ ಮೇ 1ಕ್ಕೆ ಇದೇ ಜಾತ್ರೆ. ಶಾಲೆ ನಡೆಯುವಾಗ ಮಕ್ಕಳಿಗೆ ತೊಂದರೆ ಅಂತ 1970ರ ದಶಕದಲ್ಲಿ ಕಾನೂನು ಬದಲಾಯಿತು. ಈಗ ಅಲ್ಲಿಯ ಜನ ಜುಲೈ 1ರಂದು ಒಟ್ಟಿಗೇ ಮನೆ ಬದಲಾಯಿಸುತ್ತಾರೆ. ಅಂದು ಕೆನಡಾದ ರಾಷ್ಟ್ರೀಯ ದಿನ, ಸರ್ಕಾರಿ ಕಚೇರಿಗಳಿಗೆ ರಜೆ. ವಿಳಾಸ ಬದಲಾಯಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಬೇಕಾ?

ದಾರಿಯಲ್ಲಿ ಏನಾದರೂ ಒಡೆದರೆ ವಿಮೆ ಇದೆ ಅನ್ನುತ್ತಾರೆ. ಸಣ್ಣ ಅಕ್ಷರದಲ್ಲಿ ನೋಡಿ: ಗ್ರಾಹಕರೇ ಪ್ಯಾಕ್ ಮಾಡಿದ ಬಾಕ್ಸಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ತಟ್ಟೆಗಳನ್ನು ನಿಲ್ಲಿಸಿ ಇಟ್ಟಿದ್ದೂ ದಂಡ. ಪರಿಹಾರ ಕೇಳಲು ಹೋದರೆ ಅಲ್ಲೂ ಒಂದು ಫಾರಂ, ಅದರಲ್ಲೂ ಮೊದಲ ಕಾಲಂ ಶಾಶ್ವತ ವಿಳಾಸ.

ಈ ವ್ಯವಸ್ಥೆಯನ್ನೆಲ್ಲ ನಿಜವಾಗಿ ನಡೆಸುತ್ತಿರುವವರು ಇಲಾಖೆಗಳಲ್ಲ, ನಿಮ್ಮ ಹಳೆ ಮನೆಗೆ ಬಂದ ಹೊಸ ಬಾಡಿಗೆದಾರರು. ಸಂಬಳವಿಲ್ಲದ ಪೋಸ್ಟ್ ಮಾಸ್ಟರು. ನಿಮ್ಮ ಕಾರ್ಡು, ನಿಮ್ಮ ನೋಟಿಸು, ಮದುವೆಯ ಕರೆಯೋಲೆ ಎಲ್ಲವೂ ಅವರ ಕೈಗೇ ಹೋಗುತ್ತದೆ. ಒಳ್ಳೆಯವರಾದರೆ ಫೋಟೋ ತೆಗೆದು ಕಳಿಸುತ್ತಾರೆ. ಅವರಿಗೆ ಸರ್ಕಾರ ಒಂದು ಬ್ಯಾಡ್ಜನ್ನಾದರೂ ಕೊಡಬೇಕು, ಅಲ್ವಾ? ಅದನ್ನು ಅಂಚೆಯಲ್ಲಿ ಕಳಿಸಿದರೆ ಅವರು ಬಿಟ್ಟು ಬಂದ ಮನೆಗೆ ತಲುಪುತ್ತದೆ, ಅದು ಬೇರೆ ಮಾತು.

ಹೊಸ ಮನೆಯಲ್ಲಿ ನೀವೂ ಅದೇ ಹುದ್ದೆಯಲ್ಲಿರುತ್ತೀರಿ. ಹಿಂದಿನವರ ಬಿಲ್, ಹಿಂದಿನವರ ಬ್ಯಾಂಕ್ ಕಾಗದ ವಾರ ವಾರ ಬಂದು ಬೀಳುತ್ತದೆ. ಕೊನೆಗೂ ವಿಳಾಸ ಪರಿಶೀಲನೆಗೆ ಅಧಿಕಾರಿ ಬಾಗಿಲಿಗೆ ಬಂದಾಗ, ಮನೆಯಲ್ಲಿರುವ ಪಕ್ಕಾ ಪುರಾವೆಗಳೆಲ್ಲ ಆ ಹಿಂದಿನವರ ಹೆಸರಿನಲ್ಲೇ ಇರುತ್ತವೆ. ಅಧಿಕಾರಿ ಅವನ್ನು ತಿರುವಿ ಹಾಕಿ, ಮೂರು ತಿಂಗಳೊಳಗಿನದೇ ಅಂತ ನೋಡಿ, ನಿಮ್ಮ ಕಡೆ ತಿರುಗಿ ಕೇಳುತ್ತಾರೆ: "ಸರಿ, ಇವರು ಮನೇಲಿದ್ದಾರಾ? ಸ್ವಲ್ಪ ಕರೀರಿ."