ಸುಮ್ಮನಿದ್ದುಬಿಡುವ ಕಾನ್ಫಿಗ್ ಫೈಲುಗಳ ಬಗ್ಗೆ ಒಂದು ತಕರಾರು

ಪೋರ್ಟ್ ಸಂಖ್ಯೆ, ಡೇಟಾಬೇಸ್ ವಿಳಾಸ, ಲಾಗ್ ಫೈಲಿನ ಜಾಗ ಮುಂತಾದವನ್ನು ಕೋಡಿನೊಳಗೆ ಬರೆಯದೆ ಪ್ರತ್ಯೇಕ ಕಾನ್ಫಿಗ್ ಫೈಲಿನಲ್ಲಿಡಬೇಕು ಎಂದು ಪೈಥಾನ್ ಬರೆಯುವವರಿಗೆ ಈಗ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ತಕರಾರು ಇರುವುದು ಆ ಫೈಲನ್ನು ಓದುವ ರೀತಿಯ ಬಗ್ಗೆ. ಪೈಥಾನ್ ಜೊತೆಗೇ ಬರುವ ಸಲಕರಣೆಗಳು ಹಲವು ಕಡೆ ಎಡವಿದಾಗ ಕೂಗುವುದಿಲ್ಲ, ಸುಮ್ಮನಿದ್ದುಬಿಡುತ್ತವೆ. ಅವುಗಳನ್ನು ಕೂಗಿಸುವ ಹೊಣೆ ನಮ್ಮದೇ.

ಐಎನ್‌ಐ ಎಂಬ ಸರಳ ರೂಪದ ಕಾನ್ಫಿಗ್ ಫೈಲುಗಳನ್ನು ಓದುವ ಕಾನ್ಫಿಗ್‌ಪಾರ್ಸರ್ ಮಾಡ್ಯೂಲನ್ನೇ ನೋಡಿ. ಅದರ ರೀಡ್ ಮೆಥಡ್‌ಗೆ ಕೊಟ್ಟ ಫೈಲು ಇಲ್ಲದೇ ಹೋದರೂ ಎರರ್ ಬರುವುದಿಲ್ಲ. ಓದಲು ಸಿಕ್ಕ ಫೈಲುಗಳ ಪಟ್ಟಿಯನ್ನಷ್ಟೇ ಅದು ಹಿಂದಿರುಗಿಸುತ್ತದೆ, ಆ ಪಟ್ಟಿ ಖಾಲಿಯೇ ಎಂದು ಪರೀಕ್ಷಿಸುವ ಕೋಡನ್ನು ನಾನು ನೋಡಿದ್ದು ಅಪರೂಪ. ಪ್ರತಿ ಸೆಟ್ಟಿಂಗ್‌ಗೂ ಫಾಲ್‌ಬ್ಯಾಕ್, ಅಂದರೆ ಅದು ಸಿಗದಿದ್ದಾಗ ಬಳಸುವ ಬದಲಿ ಮೌಲ್ಯ, ಕೊಟ್ಟಿದ್ದರಂತೂ ಮುಗಿಯಿತು: ಪ್ರಾಜೆಕ್ಟ್ ಫೋಲ್ಡರಿನಿಂದ ಓಡಿಸಿದಾಗ ಸರಿಯಾಗಿದ್ದ ಪ್ರೋಗ್ರಾಮು ಸರ್ವರಿನಲ್ಲಿ ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಸರ್ವಿಸ್‌ಗಳನ್ನು ಶುರುಮಾಡುವ ವ್ಯವಸ್ಥೆ) ಮೂಲಕ ರೂಟ್ ಡೈರೆಕ್ಟರಿಯಿಂದ ಶುರುವಾಗಿ, ಫೈಲು ಸಿಗದೆ, ಲೋಕಲ್‌ಹೋಸ್ಟನ್ನೇ, ಅಂದರೆ ತಾನು ಓಡುತ್ತಿರುವ ಯಂತ್ರವನ್ನೇ, ಡೇಟಾಬೇಸ್ ವಿಳಾಸವೆಂದು ನಂಬಿ ನಡೆಯತೊಡಗುತ್ತದೆ. ಫೈಲನ್ನು ನಾವೇ ಓಪನ್ ಮಾಡಿ ಕೊಟ್ಟರೆ, ಅದು ಇಲ್ಲದ ಕ್ಷಣವೇ ಪ್ರೋಗ್ರಾಮು ನಿಲ್ಲುತ್ತದೆ. ನಿಲ್ಲಲಿ ಬಿಡಿ.

ಐಎನ್‌ಐ ಫೈಲಿನಲ್ಲಿ ಎಲ್ಲ ಮೌಲ್ಯಗಳೂ ಸ್ಟ್ರಿಂಗ್‌ಗಳೇ (ಬರೀ ಪಠ್ಯವೇ) ಆದ್ದರಿಂದ, ಡೀಬಗ್ ಎದುರು ಫಾಲ್ಸ್ ಎಂದು ಬರೆದು ಅದನ್ನು ಬೂಲ್‌ಗೆ ಹಾಕಿದರೆ ಟ್ರೂ ಎಂಬ ಉತ್ತರ ಬರುತ್ತದೆ, ಏಕೆಂದರೆ ಖಾಲಿಯಲ್ಲದ ಯಾವ ಸ್ಟ್ರಿಂಗಾದರೂ ಪೈಥಾನ್‌ಗೆ ಟ್ರೂ. ಇದಕ್ಕಾಗಿಯೇ ಕಾನ್ಫಿಗ್‌ಪಾರ್ಸರಿನಲ್ಲಿ ಗೆಟ್‌ಬೂಲಿಯನ್ ಎಂಬ ಮೆಥಡ್ ಇದೆ. ಆದರೂ ಹೊಸದಾಗಿ ಬರೆಯುವುದಾದರೆ ನನ್ನ ಆಯ್ಕೆ ಟಾಮ್ಲ್ ಎಂಬ ಕಾನ್ಫಿಗ್ ಫೈಲಿನ ರೂಪ. ಅಲ್ಲಿ ಸಂಖ್ಯೆ ಸಂಖ್ಯೆಯಾಗಿಯೇ ಬರುತ್ತದೆ, ಮತ್ತು 2022ರಲ್ಲಿ ಬಂದ ಪೈಥಾನ್ 3.11ರಿಂದ ಅದನ್ನು ಓದುವ ಟಾಮ್ಲ್‌ಲಿಬ್ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ. ಯಾಮ್ಲ್ ಎಂಬ ಇನ್ನೊಂದು ರೂಪದ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕೊಟೇಶನ್ ಇಲ್ಲದೆ ಬರೆದ ನಾರ್ವೆಯ ‘ಎನ್‌ಒ’ ಎಂಬ ದೇಶಸಂಕೇತವನ್ನು, ಅದನ್ನು ಓದುವ ಪೈಯಾಮ್ಲ್ ಲೈಬ್ರರಿ ಫಾಲ್ಸ್ ಎಂದು ಓದುತ್ತದೆ. (ಪಾಸ್‌ವರ್ಡುಗಳನ್ನು ಈ ಯಾವ ಫೈಲಿನಲ್ಲಿಯೂ ಇಟ್ಟು ಗಿಟ್‌ಗೆ ಸೇರಿಸಬೇಡಿ.)

ಪ್ರೋಗ್ರಾಮಿನಲ್ಲಿ ನಡೆದದ್ದನ್ನು ದಾಖಲಿಸುವ ಲಾಗಿಂಗ್ ವಿಷಯದಲ್ಲಿ ಮೌನ ಇನ್ನೂ ದುಬಾರಿ, ಏಕೆಂದರೆ ಉಳಿದ ತಪ್ಪುಗಳನ್ನು ಹೇಳಬೇಕಾದದ್ದೇ ಅದು. ಲಾಗಿಂಗನ್ನು ಹೊಂದಿಸುವ ಫಂಕ್ಷನ್‌ಗಳಾದ ಫೈಲ್‌ಕಾನ್ಫಿಗ್ ಆಗಲಿ, ಡಿಕ್ಟ್‌ಕಾನ್ಫಿಗ್ ಆಗಲಿ, ‘ಡಿಸೇಬಲ್ ಎಕ್ಸಿಸ್ಟಿಂಗ್ ಲಾಗರ್ಸ್’ ಎಂಬ ಆಯ್ಕೆಯನ್ನು ನಾವು ಹೇಳದಿದ್ದರೆ ಟ್ರೂ ಎಂದೇ ಭಾವಿಸುತ್ತವೆ. ಸಾಮಾನ್ಯವಾಗಿ ಪ್ರತಿ ಮಾಡ್ಯೂಲಿನ ತಲೆಯಲ್ಲೇ ಗೆಟ್‌ಲಾಗರ್ ಕರೆದು, ಲಾಗ್ ಸಾಲುಗಳನ್ನು ಕಳಿಸುವ ಲಾಗರನ್ನು ಪಡೆಯುತ್ತೇವೆ. ಇಂಪೋರ್ಟ್‌ಗಳೆಲ್ಲ ಮುಗಿದ ಮೇಲೆ ಮೇನ್ ಫಂಕ್ಷನ್ ಕಾನ್ಫಿಗನ್ನು ಲೋಡ್ ಮಾಡುತ್ತದೆ. ಆಗ ಕಾನ್ಫಿಗಿನಲ್ಲಿ ಹೆಸರಿಲ್ಲದ, ಅಷ್ಟರಲ್ಲಾಗಲೇ ಹುಟ್ಟಿದ್ದ ಲಾಗರುಗಳ ಬಾಯಿ ಮುಚ್ಚಿಹೋಗುತ್ತದೆ, ಅವುಗಳಿಂದ ಕ್ರಿಟಿಕಲ್ ಮಟ್ಟದ ಸಾಲು ಕೂಡ ಹೊರಬರುವುದಿಲ್ಲ. ಹಳೆಯ ಕೋಡು ಮುರಿಯದಿರಲಿ ಎಂದು ಉಳಿಸಿಕೊಂಡ ಡೀಫಾಲ್ಟ್ ಇದು. ಕಾರಣ ಅರ್ಥವಾಗುತ್ತದೆ, ಆಯ್ಕೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಟಾಮ್ಲ್ ಫೈಲಿನಲ್ಲೇ ಲಾಗಿಂಗ್ ಎಂಬ ಟೇಬಲ್ ತೆರೆದು, ವರ್ಷನ್ 1 ಎಂದೂ ಈ ಆಯ್ಕೆ ಫಾಲ್ಸ್ ಎಂದೂ ಬರೆದು, ಅದನ್ನು ಹಾಗೆಯೇ ಡಿಕ್ಟ್‌ಕಾನ್ಫಿಗ್‌ಗೆ ಕೊಡಬಹುದು. ಲಾಗ್ ಫೈಲು ತುಂಬಿದಾಗ ಹೊಸದಕ್ಕೆ ತಿರುಗುವ ರೊಟೇಟಿಂಗ್‌ಫೈಲ್‌ಹ್ಯಾಂಡ್ಲರ್ ಬಳಸುವವರು ಮ್ಯಾಕ್ಸ್‌ಬೈಟ್ಸ್ (ಫೈಲಿನ ಗರಿಷ್ಠ ಗಾತ್ರ), ಬ್ಯಾಕಪ್‌ಕೌಂಟ್ (ಉಳಿಸಿಕೊಳ್ಳುವ ಹಳೆಯ ಫೈಲುಗಳ ಸಂಖ್ಯೆ) ಎರಡನ್ನೂ ಬರೆಯಬೇಕು. ಅವುಗಳಲ್ಲಿ ಯಾವುದಾದರೂ ಒಂದು ಸೊನ್ನೆಯಾಗಿದ್ದರೂ ಫೈಲು ತಿರುಗುವುದೇ ಇಲ್ಲ, ಬೆಳೆಯುತ್ತಲೇ ಇರುತ್ತದೆ.

ಕನ್ನಡದ ದತ್ತಾಂಶದೊಂದಿಗೆ ಕೆಲಸ ಮಾಡುವವರಿಗೆ ಇನ್ನೊಂದು ಸೆಟ್ಟಿಂಗ್ ಕಡ್ಡಾಯ. ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿಸುವ ಕ್ರಮ, ಹೇಳದೆ ತೆರೆದ ಲಾಗ್ ಫೈಲು ವಿಂಡೋಸಿನಲ್ಲಿ ಸಾಮಾನ್ಯವಾಗಿ ಸಿಪಿ1252ರಂಥ ಕೋಡ್‌ಪೇಜನ್ನು ಹಿಡಿಯುತ್ತದೆ, ಅದರಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಜಾಗವಿಲ್ಲ. ‘ಶಿವಮೊಗ್ಗ’ ಎಂಬ ಊರಿನ ಹೆಸರಿರುವ ಸಾಲನ್ನು ಬರೆಯಹೋದಾಗ ಯೂನಿಕೋಡ್‌ಎನ್‌ಕೋಡ್‌ಎರರ್ ಹುಟ್ಟುತ್ತದೆ. ಲಾಗಿಂಗ್ ಅದನ್ನು ತಾನೇ ಹಿಡಿದು ಎಸ್‌ಟಿಡಿಎರರ್‌ಗೆ (ಎರರ್‌ಗಳು ಹೊರಬರುವ ದಾರಿ) ಟ್ರೇಸ್‌ಬ್ಯಾಕ್, ಅಂದರೆ ಎರರ್ ಎಲ್ಲಿ ಹುಟ್ಟಿತೆಂಬ ವಿವರ, ಬರೆದು ಮುಂದೆ ಸಾಗುತ್ತದೆ. ಪ್ರೋಗ್ರಾಮು ವಿಂಡೋಸ್ ಸರ್ವಿಸ್ ಆಗಿ ಓಡುತ್ತಿದ್ದರೆ ಅದನ್ನೂ ನೋಡುವವರಿಲ್ಲ, ಆ ಸಾಲು ಹೋದಂತೆಯೇ ಸರಿ. ಪೈಥಾನ್ 3.15ರಲ್ಲಿ ಯುಟಿಎಫ್-8 ಅನ್ನೇ ಡೀಫಾಲ್ಟ್ ಮಾಡಬೇಕೆಂದು ಪೆಪ್ 686 (ಪೈಥಾನ್ ಭಾಷೆಯ ಬದಲಾವಣೆಯ ಪ್ರಸ್ತಾವ) ನಿರ್ಧರಿಸಿದೆಯಾದರೂ, ಕಚೇರಿಗಳ ಸರ್ವರುಗಳಲ್ಲಿ ಹಳೆಯ ಆವೃತ್ತಿಗಳು ವರ್ಷಗಟ್ಟಲೆ ಕೂತಿರುತ್ತವೆ. ಆದ್ದರಿಂದ ಹ್ಯಾಂಡ್ಲರಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದೇ ಇಡಿ. ಐಎನ್‌ಐ ಫೈಲನ್ನು ತೆರೆಯುವಾಗಲೂ ಅದನ್ನೇ ಹೇಳಿ.