ಬಾದಾಮಿಗೆ ಹೋಗಿ ಬಂದವರು ಏನೂ ಹೇಳಲಿಲ್ಲ

ಬೆಳಗ್ಗೆ ಎದ್ದು ಫೋನ್ ನೋಡಿದರೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪ್ ತುಂಬಾ ಬಾದಾಮಿ. ಅಕ್ಕ, ಭಾವ, ಮಕ್ಕಳು, ಚಿಕ್ಕಮ್ಮ ಎಲ್ಲ ಸೇರಿ ಬಾದಾಮಿ, ಐಹೊಳೆ, ಪಟ್ಟದಕಲ್ಲು ಸುತ್ತಿ ಬಂದಿದ್ದಾರೆ. ಸಂತೋಷ. ಆದರೆ ಬರೀ ಫೋಟೋ. ಒಂದರ ಕೆಳಗೂ ಒಂದಕ್ಷರ ಇಲ್ಲ. ಕೊನೆಗೆ ಭಾವ ದೊಡ್ಡ ಮನಸ್ಸು ಮಾಡಿ ಬರೆದಿದ್ದಾರೆ: 'ಎಂಜಾಯ್ಡ್!' ಅದಕ್ಕೆ ಸಾಲು ಸಾಲು ಹೆಬ್ಬೆರಳು, 'ಸೂಪರ್', 'ನೈಸ್ ಪಿಕ್ಸ್'. ಮುಗೀತು ಪ್ರವಾಸದ ಸುದ್ದಿ.

ಬಾದಾಮಿಯ ಮೊದಲ ಗುಹೆಯ ನಟರಾಜನಿಗೆ 18 ಕೈ. ನಮ್ಮ ಗ್ರೂಪಿಗೆ ಬಂದ ನಟರಾಜನಿಗೆ ಎಂಟೋ ಒಂಬತ್ತೋ ಉಳಿದಿವೆ. ಮಿಕ್ಕವು ಭಾವನ ಟೋಪಿ ಹಿಂದೆ.

ನಮ್ಮ ಮನೆಯಲ್ಲಿ ಸೋದರತ್ತೆ ಇದ್ದಾರೆ. ಕಣ್ಣು ಮಂಜು, ಕಿವಿ ಮಾತ್ರ ಚುರುಕು. 'ಏನಂತೆ ಅವರ ಸಮಾಚಾರ?' ಅಂದರು. ಚೆನ್ನಾಗಿತ್ತಂತೆ ಅತ್ತೆ, ಅಂದೆ. 'ರೈಲಲ್ಲಿ ಹೋದ್ರಂತಾ, ಕಾರಲ್ಲಾ? ಊಟಕ್ಕೇನು ಮಾಡಿದ್ರಂತೆ? ಚಿಕ್ಕೋನು ಅಷ್ಟು ಮೆಟ್ಟಿಲು ಹತ್ತಿದ್ನಾ?' ನನಗೇನು ಗೊತ್ತು! ಅವನು ಹಲ್ಲು ಬಿಟ್ಟು ಎರಡು ಬೆರಳು ತೋರಿಸಿದ್ದು ಗೊತ್ತು, ಅಷ್ಟೇ.

ನಾನೇನು ಶಾಸನ ಓದಿಕೊಂಡು ಬನ್ನಿ ಅಂದೆನಾ? ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ ಶಾಸನ ಇದೆ, ಅದು 578ರದ್ದು. ಐಹೊಳೆಯ ಮೇಗುಟಿ ಗುಡಿಯಲ್ಲಿ ಕವಿ ರವಿಕೀರ್ತಿಯ ಶಾಸನ ಇದೆ, 634ರದ್ದು. ಅದೆಲ್ಲ ಪುಸ್ತಕದಲ್ಲಿ ಸಿಗುತ್ತೆ, ಓದ್ಕೋತೀನಿ. ಕೋತಿ ಯಾರ ಕೈಯಿಂದ ಏನು ಕಿತ್ಕೊಂಡಿತು, ಅದು ಯಾವ ಪುಸ್ತಕದಲ್ಲಿದೆ ಹೇಳಿ? ಬಾದಾಮಿಗೆ ಹೋದವರ ಹತ್ತಿರ ಒಂದಾದರೂ ಕೋತಿ ಕಥೆ ಇಲ್ಲ ಅಂದರೆ ನಾನು ನಂಬಲ್ಲ.

ಹಿಂದೆ ದೊಡ್ಡಪ್ಪ ಊರೂರು ತಿರುಗುವಾಗ ಇನ್‌ಲ್ಯಾಂಡ್ ಕಾಗದ ಹಾಕುತ್ತಿದ್ದರು. ಮಡಚುವ ಅಂಚಿನಲ್ಲೂ ಬರೆದು, ಅಂಟಿನ ಜಾಗಕ್ಕೂ ಅಕ್ಷರ ನುಗ್ಗಿಸುತ್ತಿದ್ದರು. ಗೋಪುರ ಎಷ್ಟೆತ್ತರ ಅಂತ ಒಂದು ಸಲವೂ ಬರೆದವರಲ್ಲ. ಛತ್ರದಲ್ಲಿ ಪಕ್ಕದವನ ಗೊರಕೆ, ಸಾರಿಗೆ ಉಪ್ಪು ಜಾಸ್ತಿ, ದೊಡ್ಡಮ್ಮನ ಚಪ್ಪಲಿ ಕಳೆದದ್ದು. ಆ ಕಾಗದ ಓಣಿಯ ಮೂರು ಮನೆ ಸುತ್ತಿ ನಮಗೆ ವಾಪಸ್ ಬರುತ್ತಿತ್ತು.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಮುಂದೆಯೂ ಇವರ ಗುಂಪು ಫೋಟೋ ಇದೆ. ಗಂಡ, ಚಾಲುಕ್ಯ ರಾಜ ವಿಕ್ರಮಾದಿತ್ಯ ಕಂಚಿ ಗೆದ್ದು ಬಂದ ಅಂತ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಗಂಡನೂ ಕಡಿಮೆಯೇನಲ್ಲ. ಕಂಚಿಯ ಕೈಲಾಸನಾಥ ದೇವಸ್ಥಾನದ ಕಂಬದ ಮೇಲೆ ಕನ್ನಡದಲ್ಲೇ ಬರೆಸಿ ಬಂದಿದ್ದಾನೆ, ದೇವರ ಐಶ್ವರ್ಯ ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟೆ ಅಂತ. 8ನೇ ಶತಮಾನದ ರಾಜ ಕಲ್ಲಿನಲ್ಲಿ ಕೆತ್ತಿಸಿ ಹೇಳಿದ. ನಮ್ಮ ಭಾವನಿಗೆ ಬೆರಳಲ್ಲಿ ಒತ್ತೋಕೆ ಕಷ್ಟ.

'ಫೋಟೋ ನೋಡಿದ್ರೆ ಗೊತ್ತಾಗಲ್ವಾ? ಬರೆಯೋಕೆ ಯಾರಿಗೆ ಪುರುಸೊತ್ತು?' ಅಂತ ಅಕ್ಕ. ಪುರುಸೊತ್ತಿಲ್ಲವಾ? ಅದೇ ಫೋಟೋದ ಆಕಾಶಕ್ಕೆ ನೀಲಿ ಬಳಿಯೋಕೆ ಇತ್ತಲ್ಲ! ಬಾದಾಮಿಯ ಕೆಂಪು ಬಂಡೆ ನೇರಳೆ ಬಣ್ಣಕ್ಕೆ ತಿರುಗುವಷ್ಟು ಪುರುಸೊತ್ತು.

ನಿಜ ಹೇಳಲಾ? ನನಗೆ ಹೊಟ್ಟೆಯುರಿಯೂ ಇದೆ. ಅತ್ತೆಯನ್ನು ಒಬ್ಬರೇ ಬಿಟ್ಟು ನಾನು ಎಲ್ಲಿಗೂ ಹೋಗುವ ಹಾಗಿಲ್ಲ. ಹೋಗಿ ಬಂದವರು ಬಾಯಿ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ತಡೆಯಲಾರದೆ ಚಿಕ್ಕಮ್ಮನಿಗೆ ಫೋನ್ ಹಚ್ಚಿದೆ. ಆಗ ಹೊರಗೆ ಬಂತು ನೋಡಿ! ಬನಶಂಕರಿ ಗುಡಿ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ ಊಟ ತಂದು ಮಾರುವ ಹೆಂಗಸರು ಇರುತ್ತಾರಲ್ಲ, ಅವರ ಹತ್ತಿರ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಿಂದರಂತೆ. ಭಾವ ರೇಟಿಗೆ ಚೌಕಾಸಿ ಮಾಡಿದ್ದಕ್ಕೆ ಆಯಮ್ಮ, 'ಮೊದ್ಲು ಉಣ್ಣೋ ಯಪ್ಪಾ, ರೊಕ್ಕ ಆಮ್ಯಾಲ' ಅಂದು ಇನ್ನೊಂದು ರೊಟ್ಟಿ ಹಾಕಿದರಂತೆ. ಭಾವ ಬಾಯಿ ಮುಚ್ಚಿಕೊಂಡು ತಿಂದರಂತೆ. ಸ್ಪೀಕರ್ ಹಾಕಿದ್ದೆ. ಅತ್ತೆ ನಕ್ಕು ನಕ್ಕು ಕೆಮ್ಮಿದರು.

ಇದನ್ನು ಗ್ರೂಪಿಗೆ ಯಾಕೆ ಹಾಕಲಿಲ್ಲ ಚಿಕ್ಕಮ್ಮ ಅಂದೆ. 'ಅಯ್ಯೋ, ಅದರಲ್ಲೇನಿದೆ ಹಾಕೋಕೆ' ಅಂತೆ!

ದಸರಾ ರಜೆಗೆ ಇನ್ನೊಂದು ತಂಡ ಹೊರಡುತ್ತಿದೆ ಅಂತ ಕೇಳಿದೆ. ಫೋಟೋ ಹಾಕಿ, ಬೇಡ ಅನ್ನಲ್ಲ. ಟೈಪ್ ಮಾಡೋಕೆ ಬೇಜಾರಾದರೆ ಮೈಕ್ ಒತ್ತಿ ಎರಡು ನಿಮಿಷ ಮಾತಾಡಿ. ಎಷ್ಟು ಉದ್ದ ಆದರೂ ಪರವಾಗಿಲ್ಲ, ನಮ್ಮನೇಲಿ ಕೇಳೋಕೆ ಇಬ್ಬರಿದ್ದೇವೆ.