ರಸ್ತೆಯಂಚಿಗೆ ಬೇಲಿ ಬೇಕಾ?

ಆರ್ಕೇಡ್ ಶೈಲಿಯ ರೇಸಿಂಗ್ ವಿಡಿಯೋ ಗೇಮ್‌ನಲ್ಲಿ ಗಾಡಿ ರಸ್ತೆಯಿಂದಾಚೆ ಬೀಳದ ಹಾಗೆ ಆಟವೇ ಕಾಯಬೇಕೇ? ಇಬ್ಬರು ಆಟಗಾರರ ಜಗಳ ಇದು.

ಪರ: ಬೇಕು

ನನ್ನ ಅಕ್ಕನ ಮಗಳಿಗೆ ಆರು ವರ್ಷ. ರಜೆಯಲ್ಲಿ ಅವಳ ಜೊತೆ ಮಾರಿಯೋ ಕಾರ್ಟ್ 8 ಡಿಲಕ್ಸ್ ಆಡಲು ಕೂತೆ. ಆಕಾಶದಲ್ಲಿ ತೇಲುವ ರೇನ್‌ಬೋ ರೋಡ್ ಎಂಬ ರಸ್ತೆಯಲ್ಲಿ ನಾನು ನಾಲ್ಕು ಸಲ ಬಿದ್ದೆ. ಅವಳು ಒಂದು ಸಲವೂ ಬೀಳಲಿಲ್ಲ. ನೋಡಿದರೆ ಅವಳ ಗಾಡಿಯ ಹಿಂದೆ ಪುಟ್ಟದೊಂದು ಆಂಟೆನಾ! ಸ್ಮಾರ್ಟ್ ಸ್ಟಿಯರಿಂಗ್ ಆನ್ ಇದೆ ಅನ್ನೋದಕ್ಕೆ ಅದೇ ಗುರುತು. ಅಂಚಿಗೆ ಹೋದರೆ ಆಟವೇ ಗಾಡಿಯನ್ನು ಒಳಗೆಳೆದುಕೊಳ್ಳುತ್ತದೆ.

ಇದು ಮೋಸ ಅಂತ ನನಗೆ ಅನಿಸಲಿಲ್ಲ. ಅದಿಲ್ಲದಿದ್ದರೆ ಅವಳು ಎರಡನೇ ತಿರುವಿನಲ್ಲೇ ಕಂಟ್ರೋಲರ್ ಕೆಳಗಿಡುತ್ತಿದ್ದಳು. ಬಿದ್ದಾಗ ಮೋಡದ ಮೇಲೆ ಕೂತ ಲಕಿಟು ಎಂಬ ಪಾತ್ರ ಬಂದು ಗಾಳದಲ್ಲಿ ಎತ್ತಬೇಕು. ಅಷ್ಟರಲ್ಲಿ ಉಳಿದವರೆಲ್ಲ ಮುಂದೆ ಹೋಗಿರುತ್ತಾರೆ. ನಾವು ಕೂತಿದ್ದು ವೇಗಕ್ಕೆ, ಕಾಯೋದಕ್ಕಲ್ಲ, ಅಲ್ವಾ?

ಬೇಲಿ ಹೊಸದೂ ಅಲ್ಲ. 1992ರ ಸೂಪರ್ ಮಾರಿಯೋ ಕಾರ್ಟ್‌ನ ರೇನ್‌ಬೋ ರೋಡ್‌ಗೆ ಬೇಲಿಯೇ ಇರಲಿಲ್ಲ. 1996ರ ಮಾರಿಯೋ ಕಾರ್ಟ್ 64ರಲ್ಲಿ ಅದೇ ಹೆಸರಿನ ರಸ್ತೆಗೆ ಎರಡೂ ಕಡೆ ನಕ್ಷತ್ರಗಳ ಬೇಲಿ ಹಾಕಿದರು. ಆಕಾಶ ನೋಡಿಕೊಂಡು ಆರಾಮಾಗಿ ಓಡಿಸಬಹುದಾದ ರಸ್ತೆ ಅದು.

ವಿರೋಧ: ಬೇಡ

ಆರಾಮಾಗಿ, ನಿಜ. ಒಂದು ಸುತ್ತಿಗೆ ಸುಮಾರು ಎರಡು ನಿಮಿಷ ಆರಾಮಾಗಿ! ಅಂಥ ಮೂರು ಸುತ್ತು. ಅಲ್ಲಿ ಆಟಗಾರರಿಗೆ ಖುಷಿ ಕೊಟ್ಟಿದ್ದು ಏನು ಗೊತ್ತಾ? ಶುರುವಿನ ಇಳಿಜಾರಿನಲ್ಲಿ ಅದೇ ಬೇಲಿಯನ್ನು ಹಾರಿ, ಎಷ್ಟೋ ಕೆಳಗಿರುವ ರಸ್ತೆಯ ಮೇಲೆ ಬೀಳೋದು. ಗುರಿ ತಪ್ಪಿದರೆ ಪಾತಾಳ. ಆದರೂ ಜನ ಹಾರುತ್ತಲೇ ಇದ್ದರು.

1992ರ ರಸ್ತೆಯಲ್ಲಿ ಎಲ್ಲಾ ಮೂಲೆಗಳೂ ನೇರ ಕತ್ತರಿಸಿದ ಹಾಗೆ. ಎಲ್ಲಿ ಆಕ್ಸಿಲರೇಟರ್ ಬಿಡಬೇಕು, ಎಲ್ಲಿ ಹಾರಿ ಜಾರಿಸಬೇಕು ಅಂತ ಬಿದ್ದು ಬಿದ್ದೇ ಬೆರಳು ಕಲಿಯುತ್ತಿತ್ತು. ರಸ್ತೆ ರೂಪಿಸಿದವನು ತಿರುವಿನಲ್ಲಿ ಒಂದು ಪ್ರಶ್ನೆ ಕೇಳಿರುತ್ತಾನೆ. ಸ್ಮಾರ್ಟ್ ಸ್ಟಿಯರಿಂಗ್ ಮಗುವಿನ ಪರವಾಗಿ ತಾನೇ ಉತ್ತರ ಹೇಳಿಬಿಡುತ್ತದೆ. ಅದೂ ಬಿಟ್ಟಿ ಅಲ್ಲ. ವೇಗ ಹೆಚ್ಚಿಸುವ ಮಶ್ರೂಮ್ ಹಾಕಿ ಹುಲ್ಲಿನ ಮೇಲೆ ನುಗ್ಗುವ ಅಡ್ಡದಾರಿಗೆ ಬಿಡುವುದಿಲ್ಲ. ತಿರುವಿನಲ್ಲಿ ತುಂಬಾ ಹೊತ್ತು ಡ್ರಿಫ್ಟ್ ಹಿಡಿದು ಗಾಡಿ ಜಾರಿಸಿದರೆ ಬರುವ ನೇರಳೆ ಕಿಡಿಯ ಬೂಸ್ಟ್, ಅಂದರೆ ವೇಗದ ನೂಕು ಕೂಡ ಸಿಗುವುದಿಲ್ಲ. ತನಗೆ ಇವೆಲ್ಲ ಸಿಗುತ್ತಿಲ್ಲ ಅನ್ನೋದು ಆ ಹುಡುಗಿಗೆ ಗೊತ್ತೇ ಆಗುವುದಿಲ್ಲ.

ಬೇಲಿಯೇ ಬೇಡ ಅಂತಲ್ಲ. 1990ರ ಎಫ್-ಜೀರೋ ಎಂಬ ರೇಸಿಂಗ್ ಆಟ ನೋಡಿ. ಅಂಚಿಗೆ ತಾಗಿದರೆ ಬೀಳುವುದಿಲ್ಲ, ಆದರೆ ಗಾಡಿಯ ಶಕ್ತಿ ಇಳಿಯುತ್ತದೆ. ಪೂರ್ತಿ ಮುಗಿದರೆ ಗಾಡಿ ಸ್ಫೋಟ. ಉಜ್ಜಿಕೊಂಡು ಹೋಗಬಹುದು, ಬೆಲೆ ಕೊಡಬೇಕು ಅಷ್ಟೇ. ಅಂಥ ಬೇಲಿಗೆ ನನ್ನ ತಕರಾರಿಲ್ಲ.

ಅಂದಹಾಗೆ, ಆಟ ನಿಲ್ಲಿಸಿ ಮೆನುವಿನಲ್ಲಿ ಆ ಆಂಟೆನಾ ತೆಗೆಯಬಹುದು. ಇನ್ನೊಂದು ರಜೆಯಲ್ಲಿ ಆ ಮಗುವಿಗೂ ಒಮ್ಮೆ ಬೀಳಲು ಬಿಡಿ.